ಅಂಟು

ದುಧನಿಯ ನಾಕಾದಲ್ಲಿ ಕಾರು ತಡೆದು ನೋಡಿದರೆ
ಸೀಟಿನ ಕೆಳಗೆ ದ್ರಾಕ್ಷಿ ತುಂಬುವ ಕ್ರೇಟು,
ಕ್ರೇಟಿನೊಳಗೆ ಒಂದೇ ಟವೆಲಿನಲ್ಲಿ ಸುತ್ತಿದ ಎರಡು ಜೀವ.
ಪೊಲೀಸರು ಪಂಚನಾಮೆ ಮುಗಿಸಿ
ರಾತ್ರಿ ಎಂಟಕ್ಕೆ ಅಪ್ಪನ ಕೈಗೆ ಕೊಟ್ಟರು:
ಅಡವಿ ಖಾತೆಯವ ನೀನೇ ಅಲ್ಲೇನು ಸಾತಲಿಂಗಪ್ಪ,
ಇವೂ ಅಡವಿಯವೇ.

ಅಪ್ಪ ಕಾಯುವ ಅಡವಿಯಲ್ಲಿ ಮರಗಳಿಲ್ಲ.
ಮೊಣಕಾಲೆತ್ತರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ,
ಚಿಗರಿ ಹಿಂಡು, ಮತ್ತೆ
ಮೂವತ್ತು ವರ್ಷದಲ್ಲಿ ಹನ್ನೊಂದು ಸಲ ಕಂಡ ತೋಳ.
ಲೆಕ್ಕ ಇಟ್ಟಿದ್ದಾನೆ, ಡೈರಿಯಲ್ಲಿ.

ಬೆಚ್ಚಗಿಡಿ ಎಂದರು ಪುಣೆಯ ಡಾಕ್ಟರು ಫೋನಿನಲ್ಲಿ.
ಮಾಗಿಯ ಚಳಿ. ನಮ್ಮನೆಯಲ್ಲಿ ಬೆಚ್ಚಗಿನ ಜಾಗ ಒಂದೇ,
ನಾನೂ ನನ್ನ ಹದಿನೇಳು ದಿನದ ಮಗಳೂ ಮಲಗುವ ಹೊರಸು,
ಅದರ ಕೆಳಗಿನ ಕೆಂಡದ ಬೋಗುಣಿ.
ಅವ್ವ ಬಾಗಿಲಿಗೆ ಅಡ್ಡ ನಿಂತಳು:
"ಬಾಣಂತಿ ಖೋಲ್ಯಾಗ ಮಂಗ್ಯಾ? ಮಂದಿ ಏನಂದಾರು?"
"ಮಂಗ್ಯಾ ಅಲ್ಲ ಇವು," ಅಂದ ಅಪ್ಪ.
ಮತ್ತೇನು ಅನ್ನಬೇಕೋ ಗೊತ್ತಾಗದೆ ನಿಂತ.

ಮಂಗ ಅನ್ನಲು ಅಂಗೈಯಷ್ಟೂ ಇಲ್ಲ,
ಅಳಿಲು ಅನ್ನಲು ಮುಖ ತೀರ ಮುದುಕರದ್ದು.
ಕಿವಿಗೆ ಒಡೆದ ಹತ್ತಿಕಾಯಿಯ ಅರಳೆ,
ಬಾಲದ ತುಂಬ ಬಳೆ ಬಳೆ ಪಟ್ಟೆ,
ಕೂಗಿದರೆ ಹಕ್ಕಿಯ ಸಿಳ್ಳು, ಅದೂ
ಅರ್ಧ ಕಿವಿಗೆ ಕೇಳಿ ಅರ್ಧ ಹಲ್ಲಿಗೆ ತಾಗುವಂಥದು.

ಗಂಡಿನ ಬೆನ್ನ ಮೇಲೊಂದು ಗಡ್ಡೆ.
ಪಾಪ, ಬ್ಯಾನಿ ಬಿದ್ದದ ಅಂತ ಅವ್ವ ಲೊಚಗುಟ್ಟಿದಳು.
ಟಾರ್ಚು ಹಿಡಿದಾಗ
ಗಡ್ಡೆ ಕಣ್ಣು ಬಿಟ್ಟಿತು.
ನಾಲ್ಕು ಕಣ್ಣು.

ಪಂಚನಾಮೆಯಲ್ಲಿ ಎರಡು. ಹೊರಸಿನ ಪಕ್ಕ ನಾಲ್ಕು.
ಅಪ್ಪ ತಲೆಗೆ ಕೈ ಹಚ್ಚಿ ಕೂತ.
ಸರ್ಕಾರಿ ಮಾಲು ಕಡಿಮೆ ಬಿದ್ದರೆ ಬರೆಯಲು ಜಾಗ ಉಂಟು,
ಹೆಚ್ಚಾದರೆ ಯಾವ ಕಾಲಮ್ಮು?

ಬಾಳೆಹಣ್ಣು ಮೂಸಿ ಬಿಟ್ಟವು. ಮತ್ತೆ ಫೋನು.
ಡಾಕ್ಟರು ಹೇಳಿದರಂತೆ: ಕಡಲಾಚೆ,
ಬಿಸಿಲು ನೆಲ ಮುಟ್ಟದ ಕಾಡುಗಳಲ್ಲಿ ಇವರ ಬಳಗ.
ಮೀಸೆ ಬಿಟ್ಟವೂ ಇವೆಯಂತೆ, ಥೇಟು ಅಪ್ಪನ ಮೀಸೆ.
ಇವು ಮಾತ್ರ ಕೆಳಹಲ್ಲಿನಿಂದ ತೊಗಟೆ ಕೊರೆದು
ಮರದ ಅಂಟು ನೆಕ್ಕುವ ಜಾತಿ.
ನಿಮ್ಮ ಕಡೆ ಸಿಕ್ಕೀತೇ ಅಂಟು?

ಅವ್ವ ನಕ್ಕಳು. ಆ ದಿನ ಮೊದಲ ಸಲ.
ಗೂಡಿನಿಂದ ಡಬ್ಬಿ ಇಳಿಸಿದಳು.
ಇಡೀ ಬೇಸಗೆ ಜಾಲಿಯಿಂದ ಜಾಲಿಗೆ ತಿರುಗಿ
ನನ್ನ ಉಂಡಿಗೆಂದು ಬಿಡಿಸಿ ತಂದದ್ದರಲ್ಲಿ
ತುಪ್ಪಕ್ಕೆ ಬೀಳದೆ ಉಳಿದ ಒಂದು ಮುಷ್ಟಿ.
"ಬಾಣಂತಿ ಅಂದಮ್ಯಾಲ ಬಾಣಂತಿನ," ಎಂದು
ನೀರಲ್ಲಿ ನೆನೆಸಿ ತಟ್ಟೆ ಒಳಗೆ ತಳ್ಳಿದಳು.

ಹೆಣ್ಣು ನೆಕ್ಕಿತು. ಮರಿಗಳಿಗೆ ಹಾಲೂಡಿತು.
ಊಡಿದ್ದೇ ಎರಡನ್ನೂ ಗಂಡನ ಬೆನ್ನಿಗೆ ದಾಟಿಸಿ
ಕಾಲು ಚಾಚಿ ಮಲಗಿತು.
ಅವನು ರಾತ್ರಿಯೆಲ್ಲ ಹೊತ್ತ. ಅವರಲ್ಲಿ ಹಾಗೆಯೇ ಅಂತೆ,
ಹೊರುವುದು ಅಪ್ಪಂದಿರ ಕೆಲಸ.
ಪುಣ್ಯವಂತಿ, ಅಂದಳು ಅವ್ವ,
ಯಾರನ್ನೂ ನೋಡದೆ.

ನಡುರಾತ್ರಿ ಎಚ್ಚರಾದಾಗ
ಅಪ್ಪ ನೆಲಕ್ಕೆ ಕೂತಿದ್ದ, ಕ್ರೇಟಿನ ಕಿಂಡಿಗೆ ಕಣ್ಣಿಟ್ಟು,
ಹುಲ್ಲಿನಲ್ಲಿ ತೋಳಕ್ಕೆ ಕಾಯುವ ಹಾಗೆ.
ನನ್ನನ್ನು ಅವನು ಎತ್ತಿಕೊಂಡದ್ದೇ ಇಲ್ಲ.
ಆಗೆಲ್ಲ ಹಿರಿಯರೆದುರು ತನ್ನ ಕೂಸನ್ನು ಎತ್ತುವ ಹಾಗಿರಲಿಲ್ಲವಂತೆ.
ಮಗಳು ಮುಲುಗಿದಳು.
ಅಪ್ಪ ಕೈ ಚಾಚಿದ, ಹಿಂದಕ್ಕೆ ತಗೊಂಡ,
ಅಂಗಿಗೆ ಎರಡು ಸಲ ಒರೆಸಿಕೊಂಡ.
"ನೀ ಮಲಗು," ಅಂದ. "ತಾ ಇಲ್ಲಿ."

ಬೆಳಿಗ್ಗೆ ಪುಣೆಯ ವ್ಯಾನು ಬಂತು.
ಎರಡು ಹೊಡೆದು ನಾಲ್ಕು, ಪಕ್ಕದಲ್ಲಿ ಸಣ್ಣ ಸಹಿ.
ಪ್ರಾಣಿಯ ಹೆಸರು ಎಂಬಲ್ಲಿ
ಬಹಳ ಹೊತ್ತು ಪೆನ್ನು ಹಿಡಿದಿದ್ದು
ಮರಾಠಿಯಲ್ಲಿ ಏನೋ ಬರೆದುಕೊಟ್ಟ.
ಕನ್ನಡದಲ್ಲಿ ಬರೆದದ್ದನ್ನು ನಾನು ಆಮೇಲೆ ನೋಡಿದೆ,
ಡೈರಿಯಲ್ಲಿ, ತೋಳಗಳ ಕೆಳಗೆ:

ಅಂಟು ತಿನ್ನೋ ಮಂದಿ. ನಾಲ್ವರು.
ಒಂದು ರಾತ್ರಿ ಇದ್ದು ಹೋದರು.