ಎಪ್ಪತ್ತನಾಲ್ಕು

ಹಾರ್ತ್‌ವೇಟ್ ನಿಲ್ದಾಣದ ಹಿಂದೆ, ಲಾಂದ್ರದ ಕೋಣೆಗೆ ಅಂಟಿಕೊಂಡು,
ಚಕ್ರ ಕಳಚಿದ ಒಂದು ಗೂಡ್ಸ್ ಡಬ್ಬಿ.
ಒಳಗೆ ನೂರು ನಂಬರಿನ ಎಕ್ಸ್‌ಚೇಂಜು,
ಬೂದು ಬಣ್ಣದ ಚೌಕಟ್ಟು, ಐವತ್ತು ವೋಲ್ಟಿನ ಬ್ಯಾಟರಿ,
ಮೇಣ ತೀಡಿದ ದಾರದಲ್ಲಿ ಜಡೆ ಹೆಣೆದ ತಂತಿ.
ಮಂಗಳವಾರ ನನ್ನ ಪಾಳಿ.
ಸಂಬಳವಿಲ್ಲ; ಟೀ ಉಂಟು, ಒಂದು ಬನ್ನು,
ಹಬೆ ರೈಲಿನಲ್ಲಿ ವರ್ಷವಿಡೀ ಪುಕ್ಕಟೆ ಪ್ರಯಾಣ.

ಜನ ಬರುವುದು ಎಂಜಿನ್ ನೋಡಲು.
ಮಕ್ಕಳ ಕೈಗೆ ಮಸಿ, ಅಪ್ಪಂದಿರ ಕೊರಳಿಗೆ ಕ್ಯಾಮೆರಾ.
ನನ್ನ ಡಬ್ಬಿಗೆ ಇಣುಕಿದವರು ಕೇಳುವುದು
ಶೌಚಾಲಯ ಎಲ್ಲಿ ಎಂದು.
ಬೆರಳು ತೋರಿಸುತ್ತೇನೆ. ಬೆರಳಿಗೆ ಉಗ್ಗಿಲ್ಲ.

ಹೆಡ್ಲಿ ರೇನ್ ನನ್ನ ಹೆಸರು.
ಮೊದಲ ಅಕ್ಷರವೇ ನನಗೆ ಏರು.
ಶಾಲೆಯಲ್ಲಿ ಹಾಜರಿ ಕರೆದಾಗ
'ಹ' ಎಂಬಲ್ಲಿ ಉಸಿರು ಸಿಕ್ಕಿಕೊಂಡು
ಹಿಂದಿನ ಬೆಂಚಿನ ನಗು ಮುಗಿದರೂ
ನಾನು ಮುಗಿದಿರುತ್ತಿರಲಿಲ್ಲ.
ಫೋನು ಬಡಿದುಕೊಂಡರೆ ಮೆಟ್ಟಿಲ ಕೆಳಗೆ ಅಡಗುತ್ತಿದ್ದವ
ಮೂವತ್ತೊಂದು ವರ್ಷ ಫೋನನ್ನೇ ರಿಪೇರಿ ಮಾಡಿದೆ.
ಯಾಕೆಂದು ಯಾರೂ ಕೇಳಲಿಲ್ಲ; ಕೇಳಿದ್ದರೆ
ಹೇಳಲು ಹೊತ್ತು ಬೇಕಿತ್ತು.

ಈಗ ಹೇಳುತ್ತೇನೆ.
ಡಯಲಿನಲ್ಲಿ ಏಳು ತಿರುಗಿಸಿದರೆ
ತಂತಿಯಲ್ಲಿ ಏಳು ಹೋಗುವುದಿಲ್ಲ.
ಹರಿಯುವ ಕರೆಂಟು ಏಳು ಸಲ ಕಡಿಯುತ್ತದೆ, ಅಷ್ಟೆ.
ಕಡಿದದ್ದನ್ನು ಎಣಿಸುತ್ತ ಸೆಲೆಕ್ಟರು
ಏಳು ಮೆಟ್ಟಿಲು ಹತ್ತುತ್ತದೆ, ಟಕ ಟಕ ಟಕ,
ಆಮೇಲೆ ನಾಲ್ಕು ಕಡಿತ, ನಾಲ್ಕು ಹೆಜ್ಜೆ ಪಕ್ಕಕ್ಕೆ,
ಅಲ್ಲೊಂದು ಮನೆ, ಎಪ್ಪತ್ತನಾಲ್ಕು.
ತಡೆದು ತಡೆದು ಬಂದದ್ದೇ ಇಲ್ಲಿ ಸಂಖ್ಯೆ.
ಹದಿನೇಳರ ಹುಡುಗನಿಗೆ ಇದನ್ನು ಕಲಿಸಿದ ಮೇಷ್ಟ್ರು
ಪೈಪಿನ ಬೂದಿ ಕೊಡವಿ ಮುಂದಿನ ಪಾಠಕ್ಕೆ ಹೋದರು;
ನಾನು ಅಲ್ಲೇ ಉಳಿದೆ.

ಎಪ್ಪತ್ತನಾಲ್ಕು ಅಂದರೆ ಸ್ಕಾರ್ ಗೇಟ್,
ಕಣಿವೆಯ ತುದಿಯ ಸಿಗ್ನಲ್ ಕ್ಯಾಬಿನ್ನು.
ಅಲ್ಲಿ ಡೊರೀನ್ ಆಲ್ಡರ್‌ಸನ್ ಇರುತ್ತಿದ್ದಳು,
ಬೆವರು ತಾಗದಂತೆ ಬಟ್ಟೆ ಸುತ್ತಿ ಸನ್ನೆಗಳನ್ನು ಎಳೆಯುತ್ತ.
ಪರೀಕ್ಷೆಗೆಂದು ಕರೆದರೆ ಹಲೋ ಎಂದು ಸುಮ್ಮನಾಗಿ
ಕಾಯುತ್ತಿದ್ದಳು.
ನನ್ನ ಮಾತನ್ನು ತಾನು ಮುಗಿಸುತ್ತಿರಲಿಲ್ಲ.
ಅವಳ ಕೆಟಲು ಕೇಳುತ್ತಿತ್ತು, ಗುನುಗಿದ್ದು, ಕುದಿದದ್ದು, ತಣಿದದ್ದು.
ಕಡೆಗೆ ನಾನು: ಹೆ, ಹೆಡ್ಲಿ.
ಅವಳು: ಗೊತ್ತು. ಲೈನು ಸರಿಯಿದೆ.
ಒಂಬತ್ತು ವರ್ಷ ಇಷ್ಟೇ.
ಈಗ ಅವಳು ಮಗಳ ಊರಲ್ಲಿ, ಸಮುದ್ರದ ಹತ್ತಿರ.
ಕ್ಯಾಬಿನ್ನಿಗೆ ಬೀಗ. ಫೋನು ಗೋಡೆಯಲ್ಲೇ ಇದೆ.

ನವೆಂಬರಿನ ಕೊನೆಯ ಮಂಗಳವಾರ. ರೈಲು ನಿಂತ ಕಾಲ.
ರಿಲೇಗಳ ಬೆಳ್ಳಿ ತುದಿ ಒರೆಸುತ್ತ ಕೂತಿದ್ದೆ,
ಚಟ್ ಎಂದಿತು ಚೌಕಟ್ಟು.
ದೀಪ ಹೊತ್ತಿತು. ಎಪ್ಪತ್ತನಾಲ್ಕರಿಂದ ಕರೆ.
ದೆವ್ವವಲ್ಲ, ಗೊತ್ತು ನನಗೆ:
ಸೀಸದ ಕೇಬಲ್ಲಿನ ಬೆಸುಗೆಗೆ ನೀರು ಇಳಿದಿದೆ,
ಎರಡು ತಂತಿ ಒದ್ದೆಯಲ್ಲಿ ಒಂದಕ್ಕೊಂದು ತಾಗಿವೆ.
ಯಂತ್ರಕ್ಕೆ ಅದೂ ಒಂದೇ, ಯಾರೋ ರಿಸೀವರು ಎತ್ತಿದ್ದೂ ಒಂದೇ.
ಪಾಪ, ತನ್ನ ಮರ್ಯಾದೆಗೆ ತಕ್ಕಂತೆ
ಡಯಲ್ ಟೋನು ಕೊಟ್ಟು ಕಾಯುತ್ತಿದೆ
ಹುಲ್ಲಿಗೆ, ಕುರಿಗಳಿಗೆ, ಇಳಿಜಾರಿನ ಮಂಜಿಗೆ:
ಹೇಳಿ, ಎಷ್ಟು ಹೊತ್ತಾದರೂ ಹೇಳಿ.

ಫ್ಯೂಸು ಕೀಳುವುದು ನಿಯಮ. ಕೈ ಹೋಯಿತು, ವಾಪಸು ಬಂತು.
ಪರೀಕ್ಷೆಯ ಫೋನನ್ನು ಕಿವಿಗಿಟ್ಟೆ.
ಗುರ್ ಎನ್ನುವ ಟೋನಿನ ಅಡಿಯಲ್ಲಿ ನೀರಿನ ಚರಚರ.
ಯಾರೂ ಇಲ್ಲದ ಕಡೆಗೆ, ಯಾರೂ ಕೇಳದಿದ್ದರೂ,
ಹೆಸರು ಹೇಳಹೊರಟೆ.
'ಹ'ದಲ್ಲಿ ನಿಂತಿತು. ನಿಲ್ಲಲಿ ಎಂದು ಬಿಟ್ಟೆ.
ಆಗ ಎಲ್ಲೋ ಬೆಟ್ಟದ ಮೇಲೆ ಒದ್ದೆ ತಂತಿ
ಒಮ್ಮೆ ಬಿಟ್ಟು, ಮತ್ತೆ ಹಿಡಿಯಿತು.
ಟಕ್. ಸೆಲೆಕ್ಟರು ಒಂದು ಮೆಟ್ಟಿಲು ಹತ್ತಿತು.
ಟೋನು ನಿಂತುಹೋಯಿತು.

ನಾಳೆ ಏಣಿ, ಒಣ ಬಟ್ಟೆ, ಬಿಸಿ ಮೇಣ.
ಮೂರು ಮೈಲಿ ನಡೆದು ಹುಡುಕಬೇಕು ಸೋರುವ ಜಾಗ.
ಇವತ್ತಿಗೆ ದೀಪ ಉರಿಯಲಿ.
ಬಾಗಿಲೆಳೆದು ಬಂದೆ. ಒಳಗೆ ಅದು
ಇನ್ನೂ ಕಾಯುತ್ತಿತ್ತು, ಒಂದರ ಮೇಲೆ.