ಐದು ಮೈಲಿಯ ಬಳೆ

ದಿನಕ್ಕೆ ಮೂರೇ ಪೌಂಡು,
ಒಂದು ಪೊಟ್ಟಣ ಮೀನು-ಚಿಪ್ಸಿಗೂ ಸಾಲದ ದುಡ್ಡು,
ಎಂದಳು ತಂಗಿಯ ಮಗಳು ಟ್ಯಾಮ್ಸಿನ್,
ಗ್ರಿಮ್ಸ್‌ಬಿಯ ನಕ್ಷೆಯ ಮೇಲೆ ಬೆರಳಲ್ಲೇ ಬಳೆ ಬರೆದು:
"ಇದರೊಳಗೆ ಯಾರ ಕಿಟಕಿ ಒಡೆದರೂ
ದೊಡ್ಡಪ್ಪನ ಹೆಸರೇ ಮೊದಲು."

ಬಳೆಯ ಅರ್ಧಕ್ಕರ್ಧ ಹಂಬರ್ ಅಳಿವೆಯ ನೀರಲ್ಲಿತ್ತು.
"ಮೀನುಗಳಿಗೂ ಗಾಜು ಬೇಕಾ?" ಅಂದ ನೈಜೆಲ್.
ನಾನು ನಗಲಿಲ್ಲ. ಲೆಕ್ಕದ ಪುಸ್ತಕ ನನ್ನ ಕೈಲಿತ್ತು.

ನಲವತ್ತು ವರ್ಷ ಗಾಜು ಹಿಡಿದ ಬೆರಳು,
ಗೆರೆಯೆಲ್ಲ ಸವೆದಿದೆ. ಅವನ ಫೋನೇ ಅವನ ಗುರುತು ಹಿಡಿಯದು.
ಒತ್ತಿ, ಒರೆಸಿ, ಮತ್ತೆ ಒತ್ತಿ
ಮೇಜಿನ ಮೇಲೆ ಕವುಚಿ ಹಾಕುತ್ತಾನೆ.

ಮೊದಲ ವಾರ ಹನ್ನೊಂದು ಕ್ಲಿಕ್ಕು. ಕರೆ ಒಂದೂ ಇಲ್ಲ.
ಕ್ಲಿಕ್ಕಿಗೆ ನಲವತ್ತು ಪೆನ್ಸ್.
ಯಾರಪ್ಪಾ ಇವರು, ಕದ ತಟ್ಟಿ ಓಡುವವರು?

ರಾತ್ರಿ ಎರಡಕ್ಕೆ ಅಡುಗೆಮನೆಯಲ್ಲಿ ನೀಲಿ ಬೆಳಕು.
ಇವನೇ.
ನನ್ನ ಫೋನಿಗೆ ನನ್ನ ಹುಟ್ಟಿದ ವರ್ಷ ಹಾಕಿ ತೆರೆದು
ತನ್ನ ಹೆಸರು ಇನ್ನೂ ಅಲ್ಲೇ ಇದೆಯಾ ಎಂದು
ಒತ್ತಿ ಒತ್ತಿ ನೋಡುತ್ತಿದ್ದ.

ಬೈಯಲು ಬಾಯಿ ತೆರೆದೆ.
ವ್ಯಾನಿನ ಮೇಲಿದ್ದ ಹೆಸರು ಉಪ್ಪುಗಾಳಿಗೆ ಅಳಿಸಿ
ಎಷ್ಟೋ ವರ್ಷ. ಕೆಟಲ್ ಹಚ್ಚಿದೆ.

ಗುರುವಾರ ಫೋನು ಬಡಿದುಕೊಂಡಿತು.
ಎದುರುಮನೆಯ ಮಿಸೆಸ್ ಆಡ್ಲಾರ್ಡ್,
ಹದಿನಾರು ವರ್ಷದಿಂದ ಇದೇ ವ್ಯಾನಿಗೆ ಆನಿಸಿ ಕಸದ ಡಬ್ಬಿ ಇಡುವಾಕೆ:
"ಗಾಜಿನವರಾ? ನಮ್ಮ ಬೀದಿ
ನಿಮಗೆ ತುಂಬ ದೂರ ಆಗುತ್ತೇನೋ?"

ಇವನು ಪರದೆ ಸರಿಸಿ ನೋಡಿದ.
"ಪರವಾಗಿಲ್ಲ, ಇಪ್ಪತ್ತು ನಿಮಿಷ ಕೊಡಿ" ಅಂದು
ಕೂತು
ಚಹಾ ಮುಗಿಸಿದ.