ಐತವಾರದ ಕಾರ್ಡು

ಅಂಗಿ ಕಾಲರಿನ ಒಳಗ ಕೆಂಪು ದಾರದಾಗ
ಮೂವತ್ತೇಳು ಅಂತ ಹೊಲಿದಿತ್ತು.
ತಾಟಿನ ತಳಕ್ಕ ಮೊಳಿಯಿಂದ ಕೊರೆದದ್ದೂ ಅದೇ,
ಟ್ರಂಕಿನ ಮ್ಯಾಲ ಸುಣ್ಣದಾಗ ಬರೆದದ್ದೂ ಅದೇ.
ಸಾಬಣ್ಣ ಅನ್ನೂದು ಹೊರಗೇ ಉಳೀತು,
ಯಾದಗಿರಿ ಗುಡ್ಡದ ಬುಡಕ, ರೈಲು ಹಳಿಯ ಆಚಿ,
ಬೋರ್ಡಿಂಗಿನ ಗೇಟಿಗೆ ನಿಂತ ಬಂಡಿಯೊಳಗ.

ಅಪ್ಪ ರಜಿಸ್ಟರಿನಾಗ ಹೆಬ್ಬೆಟ್ಟು ಒತ್ತಿ
ಬೆರಳು ಧೋತರಕ್ಕ ಒರೆಸಿಕೊಂಡು
ಹಿಂದಕ್ಕ ನೋಡದೇ ಹೋದ.
ನೋಡಿದ್ದರ ನಾನೂ ಬೆನ್ನು ಹತ್ತುತ್ತಿದ್ದೆ,
ಅದು ಅವನಿಗೆ ಗೊತ್ತಿತ್ತು.

ನಸುಕಿನ ಐದಕ್ಕ ಗಂಟಿ. ಷಹಾಬಾದ ಕಲ್ಲಿನ ನೆಲ
ಥಂಡಿಯೊಳಗ ಮೊಣಕಾಲು ಕಚ್ಚುತ್ತಿತ್ತು.
ಫಾದರ್ ನಮಗ ಬೆನ್ನು ಮಾಡಿ ಲ್ಯಾಟಿನ್ನಿನಾಗ ಏನೋ ಅಂದರ
ಅರವತ್ತು ಗಂಟಲು ಒಮ್ಮೆಲೇ:
ಎತ್ ಕುಂ ಸ್ಪಿರಿತು ತುವೊ.
ಬಾಜೂದ ಬಾಲರಾಜ ಮೆಲ್ಲಕ ತಿದ್ದುತ್ತಿದ್ದ:
ಎತ್ ಕುಂ ಸ್ಪಿರಿತು, ತುಪ್ಪ ತಾರೊ.

ತುಪ್ಪ ಎಲ್ಲಿಂದ ಬರಬೇಕು.
ಅಮೆರಿಕದ ಹಳದಿ ಹಿಟ್ಟು, ಡಬ್ಬಿ ಎಣ್ಣಿ, ಹಾಲಿನ ಪುಡಿ.
ಒಣಪುಡಿ ಕದ್ದು ಮುಕ್ಕಿದರ ಅಂಗುಳಕ್ಕ ಅಂಟಿ
ಸುಳ್ಳು ಹೇಳಲಿಕ್ಕೂ ನಾಲಿಗಿ ಏಳುತ್ತಿದ್ದಿಲ್ಲ.

ಖರೇ ಹೇಳಬೇಕು, ಹೌದಿಗೆ ಮಾತ್ರ ಕಾವಲು ಇದ್ದಿಲ್ಲ.
ಊರಾಗ ಬಾವಿಯಿಂದ ಹತ್ತು ಮಾರು ದೂರ ನಿಂತು
ಯಾರಾದರೂ ಸುರಿಯೂತನಕ ಕಾದ ಕೈ ಇದು.
ಇಲ್ಲಿ ಮೊದಲನೇ ದಿನ ಚರಿಗಿ ಮುಳುಗಿಸಿ
ಬೈಗುಳ ಬರ್ತದ ಅಂತ ಸ್ವಲ್ಪ ಹೊತ್ತು ನಿಂತೆ.
ಬರಲಿಲ್ಲ. ಹಿಂದಿನ ಮೂವತ್ತೆಂಟು,
'ಜಲ್ದಿ ಮಾಡಲೇ' ಅಂದ, ಅಷ್ಟೇ.

ಐತವಾರ ಊಟ ಆದ ಮ್ಯಾಲ ಕಾರ್ಡು.
ಬ್ರದರ್ ಕಾಯೆತಾನ್, ಮಂಗಳೂರು ಕಡಿಯವ,
ಹಲಗಿ ಮ್ಯಾಲ ಬರೀತಿದ್ದ, ನಾವು ಇಳಿಸಿಕೊಳ್ಳುತ್ತಿದ್ದೆವು:
ತೀರ್ಥರೂಪರಿಗೆ ನಮಸ್ಕಾರಗಳು. ನಾನು ಕ್ಷೇಮ.
ಚೆನ್ನಾಗಿ ಓದುತ್ತಿದ್ದೇನೆ. ಊಟ ಒಳ್ಳೆಯದುಂಟು.
ಅರವತ್ತು ಮಂದಿಯೂ ಕ್ಷೇಮ.
ನಾಯಿಕೆಮ್ಮು ಹತ್ತಿ ಬ್ಯಾರೆ ಖೋಲಿಯೊಳಗ ಬಿದ್ದಿದ್ದ
ದೇವಪುತ್ರನೂ ಕ್ಷೇಮ.
ಅವನ ಕಾರ್ಡು ನಾನೇ ಬರೆದೆ.

ನಮ್ಮವ್ವಗ ಅಕ್ಷರ ಬರುತ್ತಿದ್ದಿಲ್ಲ.
ಕುಲಕರ್ಣಿ ಓದಿ ಹೇಳಿದರ ದನಿ ಕುಲಕರ್ಣಿದು.
ಅದಕ್ಕ ಒಂದು ಐತವಾರ
ದೌತಿಯೊಳಗ ಹೆಬ್ಬೆರಳು ಅದ್ದಿ
ಕಾರ್ಡಿನ ಮೂಲಿಗೆ ಒತ್ತಿದೆ.
ಶೇಂಗಾ ಕೀಳುವಾಗ ಖುರ್ಪಿ ಬಡಿದ ಓರಿ ಗಾಯ ಇತ್ತು ಅದರಾಗ,
ಅರಿಶಿಣ ಮೆತ್ತಿ ಅರಿವಿ ಕಟ್ಟಿದಾಕಿ ಅಕಿನೇ.

ಬ್ರದರ್ ನೋಡಿದ. ಬೆತ್ತ ತಂದ.
'ಹೆಬ್ಬೆಟ್ಟು ಒತ್ತಲಿಕ್ಕಾ ಮಾರಾಯ
ನಿನ್ನನ್ನು ಇಲ್ಲಿ ಬಿಟ್ಟದ್ದು?'
ಅದೇ ಬೆರಳಿನ ಮ್ಯಾಲ ನಾಕು.
ಕಾರ್ಡು ಮಾತ್ರ ಹರಿಯಲಿಲ್ಲ,
ನಿಲುವಂಗಿ ಜೋಬಿನಾಗ ಇಟ್ಟುಕೊಂಡ.

ರಾತ್ರಿ ಮದ್ರಾಸ್ ಮೇಲು ಹಾದು ಕಿಟಕಿ ಗಡಗಡ ಅಂದಾಗ
ಉಚ್ಚಿಗೆ ಎದ್ದವ ಕಂಡೆ:
ಕಂದೀಲಿನ ಬುಡಕ ಬ್ರದರ್,
ಕಾರ್ಡಿನ ಮ್ಯಾಲಿನ ನನ್ನ ಬೆರಳನ್ನ
ಭೂತಗನ್ನಡಿ ಹಿಡಿದು ನೋಡುತ್ತಿದ್ದ,
ಬಾಗಿ, ಬಹಳ ಹೊತ್ತು.
ಯಾಕ ಅಂತ ಇವತ್ತಿಗೂ ತಿಳಿದಿಲ್ಲ.
ಕೇಳೂ ಧೈರ್ಯ ಬರೂದರೊಳಗ
ಅವನನ್ನ ಬೀದರಕ್ಕ ವರ್ಗ ಮಾಡಿದರು.

ಕಾರ್ಡು ಮುಟ್ಟಿತು ಅಂತ ಗೊತ್ತಾದದ್ದು ಹದಿನೈದು ದಿನಕ್ಕ.
ತಿರುಗಿ ಒಂದು ಕಾರ್ಡು ಬಂತು.
ವಿಳಾಸ ಕುಲಕರ್ಣಿಯ ಮೋಡಿ ಕೈಬರಹ.
ಹಿಂದ ಏನೂ ಇದ್ದಿಲ್ಲ, ಒಂದು ಹೆಬ್ಬೆಟ್ಟಿನ ಹೊರತು,
ಶಾಯಿಯಲ್ಲ, ಹಂಚಿನ ಮಸಿ.
ಮೂಸಿದರ ಜ್ವಾಳದ ರೊಟ್ಟಿ.

ಅಷ್ಟೊತ್ತಿಗೆ ನನಗ ಲ್ಯಾಟಿನ್ ಬಾಯಿಪಾಠ ಇತ್ತು,
ಇಂಗ್ಲಿಷ್ ಕೂಡಿಸಿ ಬರೀತಿದ್ದೆ, ನಮ್ಮ ಕೇರಿಗೇ ಮೊದಲು.
ಕಾರ್ಡು ತೊಡಿ ಮ್ಯಾಲ ಇಟ್ಟುಕೊಂಡು ಕೂತೆ.
ಸಂಜಿ ಪ್ರಾರ್ಥನಾದ ಗಂಟಿ ಆತು.
ಬಾಲರಾಜ ಬಗ್ಗಿ ಕೇಳಿದ, 'ಏನು ಬರದಾರಲೇ?'
ತಡಿ ಅಂದೆ,
ಇನ್ನೂ ಓದಲಿಕತ್ತೀನಿ.